ವಾರಗಿತ್ತಿಯ ಪರದೆ

ಹಳೆಯ ಜನನ ನೋಂದಣಿ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುವ ಆ ಕಚೇರಿಯಲ್ಲಿ ಅವಳ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಉಳಿದಂತೆ ಮೇಲ್ವಿಚಾರಕರಿಂದ ಹಿಡಿದು ನೆಲ ಒರೆಸುವಾಕೆಯವರೆಗೆ ಎಲ್ಲರ ಬಾಯಲ್ಲೂ ಅವಳು ಮಿಂಚಕ್ಕ. ಎಂಬತ್ತು ವರ್ಷ ಹಿಂದಿನ ಗುಮಾಸ್ತರು ಶಾಯಿಯಲ್ಲಿ ಗೀಚಿಟ್ಟ ಪುಟಗಳ ಫೋಟೋ ಒಂದು ವಿಂಡೋದಲ್ಲಿ, ತುಂಬಬೇಕಾದ ಫಾರ್ಮ್ ಇನ್ನೊಂದರಲ್ಲಿ, ಹಳೆಯ ಬೀದಿಗಳ ಹೆಸರಿನ ಪಟ್ಟಿ ಮತ್ತೊಂದರಲ್ಲಿ. ಈ ಮೂರನ್ನೂ ಒಂದರ ಮೇಲೊಂದು ಹರಡಿಕೊಂಡು, ಬೇಕಾದ್ದನ್ನು ಇಸ್ಪೀಟಿನ ಎಲೆ ಎಳೆದ ಹಾಗೆ ಮೌಸಿನಿಂದ ಸರಕ್ಕನೆ ಎಳೆದು, ಓದಿ, ತುಂಬಿ, ಮತ್ತೆ ತಳ್ಳಿ, ಅವಳು ದಿನಕ್ಕೆ ನೂರೈವತ್ತು ಹುಟ್ಟುಗಳನ್ನು ದಾಖಲಿಸುತ್ತಿದ್ದಳು. ಎರಡನೆಯವರು ನೂರಿಪ್ಪತ್ತು ದಾಟಿದ್ದಿಲ್ಲ. ಕೆಲಸಕ್ಕೆ ಸೇರಿ ಹದಿನೇಳು ವರ್ಷ; ಪ್ರತಿ ಶನಿವಾರ ಗೋಡೆಗೆ ಅಂಟಿಸುವ ಪಟ್ಟಿಯಲ್ಲಿ ಕಳೆದ ಹನ್ನೊಂದು ವರ್ಷ ಮೊದಲ ಹೆಸರು ಅವಳದೇ. ಪಟ್ಟಿ ಅಂಟಿಸುವಾಗ ಅವಳು ತಲೆ ಎತ್ತುತ್ತಿರಲಿಲ್ಲ. ನೋಡುವ ಅಗತ್ಯ ಇದ್ದರೆ ತಾನೆ?

ಅಂಥ ಕಚೇರಿಗೆ ತನ್ನ ಮೈದುನನ ಹೆಂಡತಿಯನ್ನು ಕರೆದುಕೊಂಡು ಬಂದವಳು ಅವಳೇ. ಮೇಲ್ವಿಚಾರಕರ ಹತ್ತಿರ ಮಾತಾಡಿ, "ನಮ್ಮ ಮನೆ ಹುಡುಗಿ ಸಾರ್, ಕಲಿಸೋ ಜವಾಬ್ದಾರಿ ನಂದು" ಎಂದು ಹೊಣೆ ಹೊತ್ತಿದ್ದಳು. ಒಂದೇ ಮನೆಯ ಕೆಳಗಿನ ಅಂತಸ್ತಿನಲ್ಲಿ ಮಿಂಚಕ್ಕ, ಅವಳ ಗಂಡ, ಅತ್ತೆ. ಮೇಲಿನದರಲ್ಲಿ ಮೈದುನ ಮತ್ತು ಕಿರಿಯಳು. ಅಡುಗೆಮನೆ ಇಬ್ಬರಿಗೂ ಒಂದೇ. ಬೆಳಗ್ಗೆ ಒಂದೇ ಬಸ್ಸು, ಸಂಜೆ ಒಂದೇ ಬಸ್ಸು. ಮೊದಲ ಮೂರು ತಿಂಗಳು ಕಿರಿಯಳು ಮಿಂಚಕ್ಕನ ಕುರ್ಚಿಯ ಹಿಂದೆ ಸ್ಟೂಲು ಹಾಕಿಕೊಂಡು ಕೂತು, ಮಡಿಲಲ್ಲೊಂದು ನೋಟುಪುಸ್ತಕ ಇಟ್ಟುಕೊಂಡು, ಅಕ್ಕನ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ಅವಳಿಗೂ ಒಂದು ಮೇಜು ಸಿಕ್ಕಿತು. ದಿನಕ್ಕೆ ಎಪ್ಪತ್ತು, ಹೆಚ್ಚೆಂದರೆ ಎಂಬತ್ತು. ಪಟ್ಟಿಯ ಬುಡದಲ್ಲಿ ಅವಳ ಹೆಸರು.

"ಬರುತ್ತೆ ಬಿಡೇ. ನನಗೇನು ಒಂದೇ ದಿನಕ್ಕೆ ಬಂತಾ?" ಎಂದು ಬಸ್ಸಿನಲ್ಲಿ ಮಿಂಚಕ್ಕ ಸಮಾಧಾನ ಹೇಳುತ್ತಿದ್ದಳು. ಆ ದಿನಗಳಲ್ಲಿ ವಾರಗಿತ್ತಿಯನ್ನು ಕಂಡರೆ ಅವಳಿಗೆ ಪ್ರಾಣ. ಹಿಂದೆ ಬಿದ್ದವರ ಮೇಲೆ ಅಕ್ಕರೆ ಉಕ್ಕುವುದು ಎಷ್ಟು ಸಲೀಸು!

ಆರನೆಯ ತಿಂಗಳು ಒಂದು ಸೋಮವಾರ, ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ರಿಪೇರಿಯಣ್ಣ ಕಿರಿಯಳ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡು ಇಡೀ ಬೆಳಗ್ಗೆ ಕೂತ. ಆ ಕಚೇರಿಯ ಯಂತ್ರಗಳೆಲ್ಲ ಮುದಿಯಾದವು, ಅವುಗಳಲ್ಲಿ ಇದ್ದದ್ದು ಬೇಕಾದ ಭಾಗ ಕಿತ್ತು ಬದಲಿಸಬಹುದಾದ ಲಿನಕ್ಸ್ ವ್ಯವಸ್ಥೆ. ರಿಪೇರಿಯಣ್ಣ ಅದರ ಡೆಸ್ಕ್‌ಟಾಪನ್ನು ಹಾಗೇ ಬಿಟ್ಟು, ಪರದೆಯ ಬುಡದ ಪಟ್ಟಿ, ಗಡಿಯಾರ, ಪ್ರಿಂಟರು ಯಾವುದನ್ನೂ ಮುಟ್ಟದೆ, ವಿಂಡೋಗಳನ್ನು ನಡೆಸುವ ಭಾಗ ಒಂದನ್ನು ಮಾತ್ರ ಕಿತ್ತು ಬೇರೆಯದನ್ನು ಕೂರಿಸಿದ. ಟೈಲಿಂಗ್ ವಿಂಡೋ ಮ್ಯಾನೇಜರ್ ಎಂದು ಅದರ ಹೆಸರು. ಅದರ ಕೆಲಸ ಇಷ್ಟೆ: ನೆಲಕ್ಕೆ ಕಲ್ಲು ಹಾಸಿದ ಹಾಗೆ ಪರದೆಯ ತುಂಬ ವಿಂಡೋಗಳನ್ನು ಪಕ್ಕಪಕ್ಕ ಹಾಸುವುದು. ಒಂದರ ಮೇಲೊಂದು ಏರುವ ಮಾತಿಲ್ಲ, ನಡುವೆ ಬಿರುಕಿಲ್ಲ. ಹೊಸದೊಂದು ತೆರೆದರೆ ಉಳಿದವು ತಾವಾಗಿ ಸರಿದು ಜಾಗ ಕೊಡುತ್ತವೆ. ಎಳೆಯುವುದು, ತಳ್ಳುವುದು ಯಾವುದೂ ಇಲ್ಲ. ಎಲ್ಲಕ್ಕೂ ಕೀಬೋರ್ಡಿನ ಎರಡು ಗುಂಡಿ ಒತ್ತಿದರೆ ಆಯಿತು. ಮಧ್ಯಾಹ್ನದ ಹೊತ್ತಿಗೆ ಕಿರಿಯಳು ತನ್ನ ಮೌಸಿನ ವೈರು ಸುತ್ತಿ ಡ್ರಾಯರಿನೊಳಗೆ ಹಾಕಿದ್ದನ್ನು ಮಿಂಚಕ್ಕ ಓರೆಗಣ್ಣಿನಲ್ಲಿ ನೋಡಿದಳು.

"ಏನೇ ಅದು, ಹೊಸ ಆಟ?"

"ನೀವೂ ಹಾಕಿಸ್ಕೊಳ್ಳಿ ಅಕ್ಕ, ತುಂಬ ಚೆನ್ನಾಗಿದೆ."

"ನನಗ್ಯಾಕಮ್ಮ? ಕೈ ಕಾಲು ಗಟ್ಟಿ ಇರೋವಾಗ ಊರುಗೋಲು ಹಿಡೀಲಾ?" ಎಂದು ನಕ್ಕಳು ಮಿಂಚಕ್ಕ. ಸುತ್ತಲಿನವರೂ ನಕ್ಕರು. ಕಿರಿಯಳು ಸುಮ್ಮನೆ ಬಲಗೈಯ ಮಣಿಕಟ್ಟು ಒತ್ತಿಕೊಂಡಳು.

ಆ ವಾರ ಅವಳ ಲೆಕ್ಕ ತೊಂಬತ್ತೈದು. ಮುಂದಿನ ವಾರ ನೂರಿಪ್ಪತ್ತು. ತಿಂಗಳು ತುಂಬುವಷ್ಟರಲ್ಲಿ ನೂರೈವತ್ತೆರಡು.

ಆ ಶನಿವಾರ ಮೇಲ್ವಿಚಾರಕರು ಪಟ್ಟಿ ಅಂಟಿಸಿ ಹೋದ ಮೇಲೆ ಕೋಣೆಯಲ್ಲಿದ್ದವರೆಲ್ಲ ಮಿಂಚಕ್ಕನ ಕಡೆ ತಿರುಗಿದರು. ಮಿಂಚಕ್ಕ ಹನ್ನೊಂದು ವರ್ಷದಲ್ಲಿ ಮೊದಲ ಸಲ ಎದ್ದು ಹೋಗಿ ಪಟ್ಟಿ ನೋಡಿದಳು. ನೀರು ಕುಡಿಯಲು ಹೋದವಳ ಹಾಗೆ, ಲೋಟ ಕೈಯಲ್ಲಿ ಹಿಡಿದು. ತನ್ನ ಹೆಸರು ಎರಡನೆಯ ಸಾಲಿನಲ್ಲಿ. ತಿರುಗಿ ಬಂದು ಕೂತ ಮೇಲೆ ಲೋಟ ಖಾಲಿಯಾಗಿಯೇ ಇತ್ತು ಎಂಬುದು ಅವಳ ಗಮನಕ್ಕೆ ಬಂತು.

ಅಲ್ಲಿಂದ ಶುರುವಾಯಿತು ನೋಡಿ. ಹೊಟ್ಟೆಯೊಳಗೆ ಯಾರೋ ಒಣಮೆಣಸಿನಕಾಯಿ ಅರೆಯುತ್ತಿರುವ ಹಾಗೆ. ಕಿರಿಯಳ ಮೇಜಿನಿಂದ ಟಕ್ ಟಕ್ ಸದ್ದು ಬಂದರೆ ಸಾಕು, ಮಿಂಚಕ್ಕ ಅದನ್ನು ಎಣಿಸತೊಡಗುತ್ತಿದ್ದಳು. ಎಣಿಸುವ ಭರದಲ್ಲಿ ತನ್ನ ಸಾಲು ತಪ್ಪಿ ಮೇಲಿನಿಂದ ಓದಬೇಕಾಗುತ್ತಿತ್ತು. ಸದ್ದು ನಿಂತರೆ, ಯಾಕೆ ನಿಂತಿತು, ಅಷ್ಟು ಬೇಗ ಪುಟ ಮುಗಿಯಿತೇ ಎಂಬ ಸಂಕಟ. ಎದ್ದು ಓಡಾಡುವ ನೆಪದಲ್ಲಿ ಅವಳ ಹಿಂದಿನಿಂದ ಹಾದು ಆ ಪರದೆ ನೋಡುವಳು. ಎಡಕ್ಕೆ ಪುಟ, ಬಲಕ್ಕೆ ಫಾರ್ಮ್, ಬುಡದಲ್ಲಿ ತೆಳ್ಳಗೆ ಬೀದಿಗಳ ಪಟ್ಟಿ. ಒಪ್ಪವಾಗಿ ಗುಡಿಸಿ ಸಾರಿಸಿದ ಮನೆಯಂತಿತ್ತು. ಮರಳಿ ತನ್ನ ಮೇಜಿಗೆ ಬಂದರೆ, ಇಷ್ಟು ವರ್ಷ ಅಚ್ಚುಕಟ್ಟು ಎನಿಸಿದ್ದ ತನ್ನ ಪರದೆ ಒಗೆಯಲು ಹಾಕಿದ ಬಟ್ಟೆಯ ರಾಶಿಯ ಹಾಗೆ ಕಾಣುತ್ತಿತ್ತು.

ಮನೆಯಲ್ಲೂ ನೆಮ್ಮದಿ ಇಲ್ಲ. "ಚಿಕ್ಕವಳು ಏನೋ ಫಸ್ಟ್ ಬಂದ್ಲಂತೆ?" ಎಂದರು ಅತ್ತೆ, ತರಕಾರಿ ಹೆಚ್ಚುತ್ತ.

"ಅವಳೆಲ್ಲಿ ಬಂದ್ಲು, ಯಂತ್ರ ಬಂತು. ಅದೆಂಥದೋ ಹಾಕಿಸ್ಕೊಂಡಿದಾಳೆ. ಅದರಲ್ಲಿ ಯಾರು ಬೇಕಾದ್ರೂ ಮಾಡ್ತಾರೆ. ನನ್ನ ಯಂತ್ರ ನಿಧಾನ, ಮೌಸೂ ಸವೆದಿದೆ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ಅತ್ತೆ ನಕ್ಕುಬಿಟ್ಟರು. ಅವರದು ತಮಾಷೆ. ಆದರೆ ಮಿಂಚಕ್ಕನಿಗೆ ಆ ಮಾತು ಮುಳ್ಳಿನ ಹಾಗೆ ನೆಟ್ಟು, ಊಟದ ಹೊತ್ತಿಗೂ ಕಿತ್ತು ಬರಲಿಲ್ಲ. ಕಿರಿಯಳು ಬಡಿಸಲು ಬಂದಾಗ "ಸಾಕು" ಎಂದು ತಟ್ಟೆಗೆ ಕೈ ಅಡ್ಡ ಹಿಡಿದಳು.

ಪಟ್ಟಿಯಲ್ಲಿ ಹೀಗೇ ಏಳು ಶನಿವಾರ ಕಳೆದವು. ಕಿರಿಯಳದು ನೂರೆಪ್ಪತ್ತು, ನೂರೆಂಬತ್ತು. ಮಿಂಚಕ್ಕ ಊಟದ ಅರ್ಧ ಗಂಟೆಯನ್ನು ಹತ್ತು ನಿಮಿಷಕ್ಕೆ ಇಳಿಸಿದಳು, ನೀರು ಕುಡಿಯುವುದನ್ನು ಬಿಟ್ಟಳು. ನೂರೈವತ್ತೆಂಟಕ್ಕೆ ಏದುಸಿರು ಬಂತು.

ಎಂಟನೆಯ ವಾರ ಬುಧವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೆಳಗಿಳಿದಿದ್ದರು. ಮಿಂಚಕ್ಕ ಬೇಗ ಮುಗಿಸಿ ಬಂದವಳು ಕಿರಿಯಳ ಮೇಜಿನ ಹತ್ತಿರ ನಿಂತಳು. ಪರದೆ ತೆರೆದೇ ಇತ್ತು. ಕಿರಿಯಳು ಆಗಾಗ ತಿದ್ದುತ್ತಿದ್ದ ಆ ವಿಂಡೋ ಮ್ಯಾನೇಜರಿನ ಫೈಲು, ಯಾವ ಗುಂಡಿಗೆ ಯಾವ ಕೆಲಸ, ಯಾವ ವಿಂಡೋಗೆ ಯಾವ ಜಾಗ ಎಂದು ಒಂದೊಂದು ಸಾಲಿನಲ್ಲಿ ಬರೆದದ್ದು, ಹಾಗೇ ಬಿಚ್ಚಿಕೊಂಡಿತ್ತು. ಸುಮ್ಮನೆ ನೋಡೋಣ ಎಂದು ಕೂತಳು. ಯಂತ್ರಕ್ಕೆ ಬರೆದ ಸಾಲುಗಳ ನಡುವೆ, ತನ್ನ ನೆನಪಿಗೆಂದು ಕಿರಿಯಳು ಕನ್ನಡದಲ್ಲಿ ಬರೆದುಕೊಂಡ ಟಿಪ್ಪಣಿಗಳಿದ್ದವು. ಯಂತ್ರ ಅವನ್ನು ಓದುವುದಿಲ್ಲ, ಅವು ಮನುಷ್ಯರಿಗೆ.

"ಅಕ್ಕ ಪುಟ ಯಾವಾಗಲೂ ಎಡಕ್ಕೆ ಇಡ್ತಾರೆ. ಹಾಗೇ ಇರಲಿ."

"ಬೀದಿ ಪಟ್ಟಿ ಸಣ್ಣದು ಸಾಕು. ಅಕ್ಕ ಹತ್ತರಲ್ಲಿ ಒಂದು ಸಲ ಮಾತ್ರ ನೋಡ್ತಾರೆ."

"ಪುಟ ಮುಗಿದಾಗ ಅಕ್ಕ ಒಂದು ಸಲ ಪೂರ್ತಿ ದೊಡ್ಡದು ಮಾಡಿ ಮೇಲಿಂದ ಕೆಳಗೆ ಕಣ್ಣು ಹಾಯಿಸ್ತಾರೆ. ಇದಕ್ಕೊಂದು ಕೀ."

"ಎಚ್ಚರಿಕೆ ವಿಂಡೋ ಬಂದ್ರೆ ತೇಲಲಿ. ಪುಟವನ್ನ ಒತ್ತರಿಸಬಾರದು. ಅಕ್ಕ ಪುಟದಿಂದ ಕಣ್ಣು ತೆಗೆಯೋದೇ ಇಲ್ಲ."

ಇನ್ನೊಬ್ಬರಾಗಿದ್ದರೆ ಅದನ್ನು ಓದಿ ಕರಗಿಹೋಗುತ್ತಿದ್ದರೇನೋ. ಮಿಂಚಕ್ಕ ಕರಗಲಿಲ್ಲ, ಕುದಿದಳು. ಮೂರು ತಿಂಗಳು ತನ್ನ ಬೆನ್ನ ಹಿಂದೆ ಕೂತು ಇವಳು ಕಲಿಯುತ್ತಿರಲಿಲ್ಲ, ದೋಚುತ್ತಿದ್ದಳು! ಹದಿನೇಳು ವರ್ಷ ಕಣ್ಣು ಕೈ ಸವೆಸಿ ಗಳಿಸಿದ್ದನ್ನು ಇಪ್ಪತ್ತು ಸಾಲಿಗೆ ಇಳಿಸಿ, ಗುಂಡಿಗಳಿಗೆ ಕಟ್ಟಿ, ಅದರಿಂದಲೇ ತನ್ನನ್ನು ಸೋಲಿಸಿದ್ದಾಳೆ. ತಾನು ಇಷ್ಟು ದಿನ ಹೊಟ್ಟೆಕಿಚ್ಚು ಪಟ್ಟದ್ದು ತನ್ನ ಕೈಯ ಮೇಲೆಯೇ!

ಎಚ್ಚರಿಕೆ ವಿಂಡೋ ತೇಲಲಿ ಎನ್ನುವ ಟಿಪ್ಪಣಿಯ ಕೆಳಗಿನ ಸಾಲನ್ನು ಅವಳು ಅಳಿಸಿದಳು. ಫೈಲು ಉಳಿಸಿದಳು. ಎದ್ದು ಬಂದು ತನ್ನ ಜಾಗದಲ್ಲಿ, ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕಿನ ಹಾಗೆ ಕೂತಳು.

ಮರುದಿನ ಬೆಳಗ್ಗೆ ಯಂತ್ರ ಶುರುವಾದಾಗ ಫೈಲನ್ನು ಹೊಸದಾಗಿ ಓದಿಕೊಂಡಿತು. ಹೆಸರು ಎರಡು ಸಲ ಬಂದಾಗ, ತಾರೀಖು ಹೊಂದದೆ ಇದ್ದಾಗ ಏಳುವ ಪುಟ್ಟ ಎಚ್ಚರಿಕೆಗಳು ಮೊದಲಿನಂತೆ ಮೇಲೆ ತೇಲದೆ, ತಾವೂ ಒಂದು ಕಲ್ಲಾಗಿ ನೆಲದಲ್ಲಿ ಜಾಗ ಕೇಳತೊಡಗಿದವು. ಒಂದೊಂದು ಸಲವೂ ಪುಟ ಕುಗ್ಗಿ ಅಂಗೈಯಷ್ಟಾಗುವುದು, ಮುಚ್ಚಿದರೆ ಮತ್ತೆ ಹಿಗ್ಗುವುದು. ಆ ಕುಣಿತದಲ್ಲಿ ಶಾಯಿಯ ಅಂಕಿಗಳಲ್ಲಿ ಒಂದು ಏಳಾಗಿ, ಏಳು ಒಂದಾಗಿ ಕಂಡವು. ಕಿರಿಯಳು ಮಧ್ಯಾಹ್ನದವರೆಗೆ ಒದ್ದಾಡಿದಳು. ಆಮೇಲೆ ಫೈಲು ತೆರೆದು ನೋಡಿ, ಕೆನ್ನೆ ಕೆಂಪಾಗಿ, "ಅಯ್ಯೋ, ನಾನೇ ನಿನ್ನೆ ತಿದ್ದುವಾಗ ಅಳಿಸ್ಬಿಟ್ಟಿದೀನಿ" ಎಂದು ತನ್ನ ತಲೆಗೆ ತಾನೇ ಮೊಟಕಿಕೊಂಡಳು.

ಸಾಲನ್ನು ಅವಳು ಮತ್ತೆ ಬರೆದಳು. ಆದರೆ ಅಷ್ಟರಲ್ಲಿ ಬೆಳಗಿನ ಕೆಲಸ ಪರಿಶೀಲನೆಗೆ ಹೋಗಿತ್ತು. ನಲವತ್ತೊಂದು ತಪ್ಪು. ಮೇಲ್ವಿಚಾರಕರು ಮನುಷ್ಯ ಕೆಟ್ಟವರಲ್ಲ. ತಪ್ಪು ದಾಖಲೆ ಎಂದರೆ ಮಾತ್ರ ಅವರಿಗೆ ಮೈಮೇಲೆ ಬರುತ್ತಿತ್ತು.

"ಒಂದು ಸಾಲು ಅಳಿಸಿಹೋದ್ರೆ ನಲವತ್ತೊಂದು ಜನರ ಹುಟ್ಟಿದ ದಿನ ಬದಲಾಗುತ್ತೆ ಅಂದ್ರೆ ಅಂಥದು ನಮಗೆ ಬೇಡ," ಎಂದು ರಿಪೇರಿಯಣ್ಣನನ್ನು ಕರೆಸಿದರು. "ತೆಗೀರಿ ಅದನ್ನ. ಎಲ್ಲರ ಹಾಗೆ ಇರಲಿ."

"ಸಾರ್, ಅದರದೇನೂ ತಪ್ಪಿಲ್ಲ..."

"ತೆಗೀರಿ ಅಂದೆ."

ಕಿರಿಯಳು ಡ್ರಾಯರಿನಿಂದ ಮೌಸು ತೆಗೆದು ವೈರು ಬಿಚ್ಚಿದಳು. ಆ ಶನಿವಾರ ಪಟ್ಟಿಯ ಮೊದಲ ಹೆಸರು ಮಿಂಚಕ್ಕನದು. ಹೊಟ್ಟೆ ತಣ್ಣಗಾಯಿತು ಎಂದುಕೊಂಡಳು. ಬಸ್ಸಿನಲ್ಲಿ ವಾರಗಿತ್ತಿಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟಳು. "ಹೋಗ್ಲಿ ಬಿಡೇ," ಎಂದು ಬೆನ್ನು ಸವರಿದಳು ಕೂಡ.

ಹತ್ತು ದಿನ ಕಳೆದಿರಬೇಕು. ಭಾನುವಾರ ಬೆಳಗ್ಗೆ ಕಿರಿಯಳು ಹಾಲಿನ ಪಾತ್ರೆ ಒಲೆಯಿಂದ ಇಳಿಸಲು ಹೋಗಿ, ಅರ್ಧದಲ್ಲೇ ಕೈಬಿಟ್ಟಳು. ಹಾಲು ಅಡುಗೆಮನೆಯ ತುಂಬ ಹರಿಯಿತು. ಅವಳ ಬಲ ಮಣಿಕಟ್ಟು ಬದನೆಕಾಯಿಯ ಹಾಗೆ ಊದಿತ್ತು. ಚಿಕ್ಕಂದಿನಲ್ಲಿ ಸೈಕಲ್ಲಿನಿಂದ ಬಿದ್ದು ಮುರಿದ ಮೂಳೆ ಸೊಟ್ಟಗೆ ಕೂಡಿಕೊಂಡ ಕೈ ಅದು. ಅವಳು ಬಟ್ಟೆ ಹಿಂಡುವುದು ಎಡಗೈಯಲ್ಲಿ, ನೀರಿನ ಬಕೆಟ್ ಎತ್ತುವುದು ಎಡಗೈಯಲ್ಲಿ ಎಂಬುದು ಮನೆಯವರಿಗೆಲ್ಲ ಗೊತ್ತು. ಮಿಂಚಕ್ಕನಿಗೂ ಗೊತ್ತು. ಗೊತ್ತಿದ್ದದ್ದನ್ನು ಮೌಸಿಗೆ ಹೊಂದಿಸಿ ಯೋಚಿಸಿರಲಿಲ್ಲ, ಅಷ್ಟೆ.

"ದಿನವಿಡೀ ಅದನ್ನ ಹಿಡಿದು ಎಳೀಬೇಕಲ್ಲ ಅತ್ತೆ," ಎನ್ನುತ್ತಿದ್ದಳು ಕಿರಿಯಳು, ಅತ್ತೆ ಬಟ್ಟೆ ಸುತ್ತುತ್ತಿದ್ದಾಗ. "ಮೇಜು ಸಿಕ್ಕ ಮೊದಲ ಮೂರು ತಿಂಗಳೂ ಹೀಗೇ ಆಗ್ತಿತ್ತು. ಅದಕ್ಕೇ ರಿಪೇರಿಯಣ್ಣನ್ನ ಕೇಳಿದ್ದು, ಮೌಸ್ ಇಲ್ದೆ ಆಗುತ್ತಾ ಅಂತ."

ಮಿಂಚಕ್ಕ ನೆಲ ಒರೆಸುತ್ತಿದ್ದಳು. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದಳು. ಅಷ್ಟಾದರೂ, ಸುಳ್ಳು ಯಾಕೆ ಹೇಳಬೇಕು, ಅವಳ ಮನಸ್ಸಿನ ಒಂದು ಮೂಲೆ ಲೆಕ್ಕ ಹಾಕುತ್ತಿತ್ತು: ಈ ಕೈ ಇಟ್ಟುಕೊಂಡು ನೂರೆಂಬತ್ತು. ನೆಟ್ಟಗಿದ್ದಿದ್ದರೆ ಎಷ್ಟು ಮಾಡುತ್ತಿದ್ದಳೋ!

ಸೋಮವಾರ ಕಿರಿಯಳು ರಜೆ ಹಾಕಿದಳು. ಮಿಂಚಕ್ಕ ನೇರ ಮೇಲ್ವಿಚಾರಕರ ಕೋಣೆಗೆ ಹೋಗಿ, ಕೂರದೆ ನಿಂತಳು.

"ಸಾರ್, ಆ ಸಾಲು ಅಳಿಸಿದ್ದು ಅವಳಲ್ಲ. ನಾನು."

ಅವರು ಕನ್ನಡಕ ತೆಗೆದರು. "ಕೈ ತಪ್ಪಿಂದಲಾ?"

ತಪ್ಪಿಸಿಕೊಳ್ಳಲು ಎಷ್ಟು ಸುಲಭದ ದಾರಿ! ಒಂದು ಗಳಿಗೆ ಮಿಂಚಕ್ಕ ಅದರ ಬಾಗಿಲಲ್ಲಿ ನಿಂತಳು. "ಅಲ್ಲ ಸಾರ್. ಬೇಕೂಂತ. ಅವಳು ಮುಂದೆ ಹೋಗೋದನ್ನ ನೋಡಕ್ಕಾಗ್ಲಿಲ್ಲ."

ಮೇಲ್ವಿಚಾರಕರು ಕನ್ನಡಕ ಮತ್ತೆ ಹಾಕಿಕೊಂಡರು. ಆಡಿದ್ದು ಮೂರೇ ಮಾತು. ಆರು ತಿಂಗಳು ಅವಳ ಹೆಸರು ಪಟ್ಟಿಯಲ್ಲಿ ಬರಬಾರದು. ಆ ನಲವತ್ತೊಂದು ದಾಖಲೆಗಳನ್ನೂ ಅದೇ ಪುಸ್ತಕದ ಉಳಿದ ಮುನ್ನೂರನ್ನೂ ಅವಳೇ ಕೂತು ಮರುಪರಿಶೀಲಿಸಬೇಕು. ಕಿರಿಯಳ ಯಂತ್ರಕ್ಕೆ ರಿಪೇರಿಯಣ್ಣ ಮೊದಲಿನದನ್ನೇ ಹಾಕಲಿ. "ಹದಿನೇಳು ವರ್ಷದಲ್ಲಿ ನಿಮ್ಮ ಒಂದು ದಾಖಲೇನ ನಾನು ಎರಡನೇ ಸಲ ತೆಗೆದು ನೋಡಿರಲಿಲ್ಲಮ್ಮ," ಎಂದರು ಕೊನೆಗೆ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ವಾರಗಿತ್ತಿಗೆ ಹೇಳುವುದು ಇನ್ನೂ ಕಷ್ಟವಾಯಿತು. ಸಂಜೆ ಮೆಟ್ಟಿಲಿನ ನಡುವೆ ನಿಲ್ಲಿಸಿ, ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಕಿರಿಯಳು ಬಟ್ಟೆ ಸುತ್ತಿದ ಕೈಯನ್ನು ಎದೆಗೊತ್ತಿ ಹಿಡಿದು ಕೇಳಿಸಿಕೊಂಡಳು.

"ಟಿಪ್ಪಣಿ ಓದಿದ್ರಾ?"

"ಓದ್ದೆ."

"ಓದಿದ್ಮೇಲೂ ಅಳಿಸಿದ್ರಾ?"

"ಓದಿದ್ದಕ್ಕೇ ಅಳಿಸ್ದೆ."

ಕಿರಿಯಳು ತಿರುಗಿ ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು.

ಎರಡು ತಿಂಗಳು ಅವಳು ಅಕ್ಕ ಎಂದು ಕರೆಯಲಿಲ್ಲ. ಅಡುಗೆಮನೆಯಲ್ಲಿ "ಉಪ್ಪು", "ಚಾಕು", "ಬಾಗಿಲು ಹಾಕಿ" ಇಷ್ಟೇ ಮಾತು. ಬಸ್ಸಿನಲ್ಲಿ ಇಬ್ಬರ ನಡುವೆ ನಾಲ್ಕು ಸೀಟು. ಅತ್ತೆಗೆ ಸಂಗತಿ ತಿಳಿದರೂ ಅವರು ಮಿಂಚಕ್ಕನನ್ನು ಬೈಯಲೂ ಇಲ್ಲ, ಗಾದೆ ಹೇಳಲೂ ಇಲ್ಲ. ಆ ಮೌನ ಒಂದು ಕಡೆ. ಇನ್ನೊಂದು ಕಡೆ ಶನಿವಾರದ ಪಟ್ಟಿಯಲ್ಲಿ ಕಿರಿಯಳು ಮತ್ತೆ ಮೊದಲು. ಮಿಂಚಕ್ಕನ ಹೆಸರು ಎರಡನೆಯದೂ ಅಲ್ಲ, ಕೊನೆಯದೂ ಅಲ್ಲ, ಇಲ್ಲವೇ ಇಲ್ಲ. ತಪ್ಪು ಒಪ್ಪಿಕೊಂಡರೆ ಹೊಟ್ಟೆಕಿಚ್ಚು ಆರುತ್ತದೆ ಎಂದು ಅವಳು ನಂಬಿದ್ದಳು. ಎಲ್ಲಿ ಆರುತ್ತದೆ!

"ಈಗ ಅವಳು ಒಳ್ಳೆಯವಳೂ ಆಗ್ಬಿಟ್ಲು ಕಣ್ರೀ," ಎಂದು ಗಂಡನ ಹತ್ತಿರ ಗೊಣಗಿದಳು. "ಮೊದಲು ಬರೀ ಚುರುಕು ಅಷ್ಟೇ ಇತ್ತು."

"ಹಾಗಾದ್ರೆ ನೀನೂ ಕಲಿ," ಎಂದ ಗಂಡ, ಪತ್ರಿಕೆಯಿಂದ ತಲೆ ಎತ್ತದೆ.

ಕಲಿತಳು. ರಿಪೇರಿಯಣ್ಣನಿಗೆ ಹೇಳಿ ತನ್ನ ಯಂತ್ರಕ್ಕೂ ಅದನ್ನು ಹಾಕಿಸಿಕೊಂಡಳು. ಮೊದಲ ದಿನ ಅವಳ ಪರದೆಯ ಹಿನ್ನೆಲೆಯಲ್ಲಿದ್ದ ಗುಡ್ಡದ ಚಿತ್ರ ತಾನೂ ಒಂದು ವಿಂಡೋ ಎಂದುಕೊಂಡು ಪರದೆಯ ಅರ್ಧ ಆಕ್ರಮಿಸಿತು. ಏನು ಒತ್ತಿದರೂ ಗುಡ್ಡ ಕದಲಲಿಲ್ಲ. ಇನ್ನೊಂದು ವಿಂಡೋ ತೆರೆದರೆ ಫಾರ್ಮ್ ಕುಗ್ಗಿತೇ ಹೊರತು ಗುಡ್ಡ ತನ್ನ ಪಾಲು ಬಿಡಲಿಲ್ಲ. ರಿಪೇರಿಯಣ್ಣ ಊಟಕ್ಕೆ ಹೋಗಿದ್ದ. ಮಿಂಚಕ್ಕ ಕಾಲು ಗಂಟೆ ಗುಡ್ಡದ ಮುಂದೆ ಕೂತು ಬೆವರಿದಳು. ಕೊನೆಗೆ, ಹಲ್ಲು ಕಚ್ಚಿ, ಕುರ್ಚಿ ತಿರುಗಿಸಿದಳು.

"ಏ... ಇದೊಂದು ನೋಡ್ತೀಯಾ?"

ಕಿರಿಯಳು ಎದ್ದು ಬಂದಳು. ಪರದೆ ನೋಡಿದಳು. ತುಟಿ ಬಿಗಿದುಕೊಂಡಳು. ಆಮೇಲೆ ತಡೆಯಲಾರದೆ ನಕ್ಕುಬಿಟ್ಟಳು. ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ಡೆಸ್ಕ್‌ಟಾಪಿನ ಚಿತ್ರಾನೂ ವಿಂಡೋ ಅಂತ ತಿಳ್ಕೊಂಡಿದೆ ಅಕ್ಕ. ನನಗೂ ಮೊದಲ ದಿನ ಹೀಗೇ ಆಗಿತ್ತು. ಅದನ್ನ ಸೇರಿಸ್ಬೇಡ ಅಂತ ಒಂದು ಸಾಲು ಬರೀಬೇಕು." ಬಗ್ಗಿ ಬರೆದಳು. ಗುಡ್ಡ ಮಾಯವಾಯಿತು. ಅಕ್ಕ ಎಂದದ್ದು ಇಬ್ಬರಿಗೂ ಕೇಳಿಸಿತು, ಇಬ್ಬರೂ ಕೇಳಿಸದವರಂತೆ ಇದ್ದರು.

"ನಿಮ್ಮ ಹಿಂದೆ ಕೂತಿದ್ದಾಗ ನನಗೂ ಎಷ್ಟು ಉರೀತಿತ್ತು ಗೊತ್ತಾ," ಎಂದಳು ಕಿರಿಯಳು, ಪರದೆಯನ್ನೇ ನೋಡುತ್ತ. "ಒಂದೊಂದು ದಿನ ನಿಮ್ಮ ಮೌಸ್ ಕೆಟ್ಟುಹೋಗ್ಲಿ ಅಂತ ಬೇಡ್ಕೊಂಡಿದೀನಿ."

"ಬೇಡ್ಕೊಂಡೆ ತಾನೆ. ಕೆಡಿಸ್ಲಿಲ್ವಲ್ಲ."

ಕಿರಿಯಳು ಮುಂದಿನ ಕೀ ಯಾವುದೆಂದು ತೋರಿಸಿದಳು.

ಆಮೇಲೆ ಮಿಂಚಕ್ಕ ಒಂಬತ್ತು ವರ್ಷ ಕೆಲಸ ಮಾಡಿದಳು. ಕೀಬೋರ್ಡಿನ ಚಾಳಿ ಹತ್ತಲು ಅವಳಿಗೆ ಒಂದು ವರ್ಷ ಹಿಡಿಯಿತು, ಮೌಸನ್ನು ಅವಳು ಡ್ರಾಯರಿಗೆ ಹಾಕಲೇ ಇಲ್ಲ, ಮಗ್ಗುಲಲ್ಲೇ ಇಟ್ಟುಕೊಂಡಳು. ದಿನಕ್ಕೆ ನೂರೆಪ್ಪತ್ತರವರೆಗೆ ಮುಟ್ಟಿದಳು. ಕಿರಿಯಳು ಆಗ ಇನ್ನೂರರಲ್ಲಿದ್ದಳು. ಹೊಸದಾಗಿ ಸೇರಿದವರಿಗೆ ಹಳೆಯ ಕೈಬರಹ ಓದುವುದನ್ನು ದೊಡ್ಡವಳು, ಪರದೆ ಜೋಡಿಸುವುದನ್ನು ಚಿಕ್ಕವಳು ಕಲಿಸಬೇಕೆಂದು ತೀರ್ಮಾನವಾಯಿತು. ಕಲಿತವರು ಮೊದಲು ಹೊಗಳುತ್ತಿದ್ದದ್ದು ಪರದೆಯನ್ನೇ. ಆಗೆಲ್ಲ ಮಿಂಚಕ್ಕ ಎದ್ದು ಹೋಗಿ ಕಾರಿಡಾರಿನಲ್ಲಿ ಎರಡು ಸುತ್ತು ಹಾಕಿ ಬರುತ್ತಿದ್ದಳು. ಯಾಕೆಂದು ಕಿರಿಯಳಿಗೆ ಗೊತ್ತಿತ್ತು, ಕೇಳುತ್ತಿರಲಿಲ್ಲ.

ಆ ಒಂಬತ್ತು ವರ್ಷದಲ್ಲಿ ಮೊದಲ ಸ್ಥಾನ ಅವಳಿಗೆ ಒಂದೇ ಒಂದು ಸಲ ಸಿಕ್ಕಿತು. ಕಿರಿಯಳು ಹೆರಿಗೆಯಾಗಿ ರಜೆ ಹಾಕಿದ ಮೊದಲ ವಾರ. ಮುಂದಿನ ವಾರದಿಂದ ಹೊಸಬನೊಬ್ಬ ಮೇಲೇರಿದ. ತಾನು ಮೊದಲು ಬಂದ ಆ ಶನಿವಾರ ಮಿಂಚಕ್ಕ ದಾರಿಯಲ್ಲಿ ಇಳಿದು, ದೊಡ್ಡದೊಂದು ಕೇಕು ಕೊಂಡು ಮನೆಗೆ ಬಂದಳು.

"ಅವಳು ರಜೆಯಲ್ಲಿದ್ದಳಲ್ಲ?" ಎಂದ ಗಂಡ.

"ಇದ್ರೇನು? ಪಟ್ಟಿಯಲ್ಲಿ ಹಾಗಂತ ಬರೆದಿರುತ್ತಾ?" ಎಂದು ಮಿಂಚಕ್ಕ ಕೇಕಿನ ಅತಿ ದೊಡ್ಡ ತುಂಡನ್ನು ಕತ್ತರಿಸಿ ತಟ್ಟೆಗೆ ಹಾಕಿ, ಬಾಣಂತಿಗೆ ಕೊಡಲು ತಾನೇ ಮೆಟ್ಟಿಲು ಹತ್ತಿದಳು.